ಬ್ಯಾಕಪ್ಪಿನೊಳಗೆ ಸಿಕ್ಕಿಕೊಂಡ ಮದುವೆ

ಕಂಪ್ಯೂಟರ್ ರಿಪೇರಿಗೆ ಇಳಿದ ಮೇಲೆ ನನಗೆ ನಗುವಿಗೆ ಬರ ಬಂದಿಲ್ಲ. ರಾಜಾಜಿನಗರದಿಂದ ಕೆಂಗೇರಿವರೆಗೆ ಯಾವ ಅಂಗಡಿಗೆ ಹೋದರೂ ಏನಾದರೊಂದು ನಡೆದೇ ನಡೆಯುತ್ತದೆ. ಆದರೆ ವಿಜಯನಗರದ ಫೋಟೋ ಸ್ಟುಡಿಯೋದಲ್ಲಿ ಒಂದೇ ದಿನ ಇಷ್ಟೆಲ್ಲ ನಡೆಯಿತಲ್ಲ, ಅದನ್ನು ನೆನೆದರೆ ಈಗಲೂ ಮೈ ಜುಮ್ಮೆನ್ನುತ್ತದೆ!

೧. ಓಕೆ

ಸ್ಟುಡಿಯೋದ ಡಿಸ್ಕ್ ಕೆಟ್ಟು ಕೂತಿತ್ತು. ಒಂದು ಇಡೀ ಮದುವೆಯ ಫೋಟೋಗಳು ಉಳಿದಿದ್ದದ್ದು ಬ್ಯಾಕಪ್ಪಿನಲ್ಲಿ ಮಾತ್ರ. ಅದನ್ನು ಬಿಚ್ಚಿ ಕೊಡಬೇಕಾದ ಸಾಫ್ಟ್‌ವೇರ್ ಅರ್ಧಕ್ಕೇ ಕ್ರ್ಯಾಶ್ ಆಗುತ್ತಿತ್ತು. ಸಂಜೆ ಹುಡುಗಿಯ ಅಪ್ಪ ಆಲ್ಬಮ್ಮಿಗೆ ಫೋಟೋ ಆರಿಸಲು ಬ್ಯಾಡರಹಳ್ಳಿಯಿಂದ ಬರುವವರಿದ್ದರು.

"ಕ್ರ್ಯಾಶ್ ಆಗೋವಾಗ ಸ್ಕ್ರೀನ್ ಮೇಲೆ ಏನಾದ್ರೂ ಬರುತ್ತಾ?" ಎಂದು ಮಾಲೀಕರನ್ನು ಕೇಳಿದೆ.

"ಇಂಗ್ಲಿಷ್‌ನಲ್ಲಿ ಏನೋ ಬೈಯುತ್ತೆ ಸಾರ್. ಓಕೆ ಒತ್ತಿ ಸುಮ್ನಾಗ್ತೀನಿ."

ಆ ಬೈಗುಳ ಓದಿದೆ. ರ‍್ಯಾಮ್ ಸಾಲುತ್ತಿಲ್ಲ, ಕೊಡಿ ಎಂದು ಪಾಪ ಅದು ಅಂಗಲಾಚುತ್ತಿತ್ತು. ಅದು ಬೇಡಿಕೊಂಡಾಗಲೆಲ್ಲ ಇವರು ಓಕೆ ಅಂದಿದ್ದರು.

೨. ಮಂಗಳಾರತಿ

ರ‍್ಯಾಮ್ ಅಂದರೆ ಅಡುಗೆಮನೆ ಕಟ್ಟೆ ಇದ್ದ ಹಾಗೆ. ಅದರ ತುಂಬ ಬೇರೆ ಪಾತ್ರೆ ಹರಡಿದ್ದರೆ ಚಪಾತಿ ಲಟ್ಟಿಸುವುದೆಲ್ಲಿ? ಏನೇನು ತೆರೆದಿದೆ ಎಂದು ಹುಡುಕಿದರೆ, ಹಿಂದುಗಡೆ ಯಾವುದೋ ದೇವಸ್ಥಾನದ ಪೂಜೆ ಲೈವ್ ಓಡುತ್ತಿದೆ! ಮುಚ್ಚಲು ಹೋದೆ. ಮಾಲೀಕರ ಹೆಂಡತಿ ಒಳಗಿನಿಂದ ಓಡಿ ಬಂದರು.

"ಅಯ್ಯೋ, ಮಂಗಳಾರತಿಗೆ ಮುಂಚೆ ದೇವ್ರ ಬಾಗ್ಲು ಹಾಕ್ತಾರೇನಪ್ಪಾ?"

ಕಾದೆವು. ಮಂಗಳಾರತಿಯಾಯಿತು. ಗಂಡ ಹೆಂಡತಿ ಇಬ್ಬರೂ ಮಾನಿಟರಿನ ಕಡೆ ಕೈ ಚಾಚಿ ಕಣ್ಣಿಗೊತ್ತಿಕೊಂಡರು. ಸಾಫ್ಟ್‌ವೇರಿನ ಸ್ಥಿತಿ ನೋಡಿ ನಾನೂ ಒತ್ತಿಕೊಂಡೆ.

೩. ಹೊಸ ಸಾಮಾನು

ದೇವರ ಬಾಗಿಲು ಮುಚ್ಚಿದ ಮೇಲೆ ಸಾಫ್ಟ್‌ವೇರ್ ಇನ್ನಷ್ಟು ದೂರ ಓಡಿ, ಮತ್ತೆ ಬಿತ್ತು. ಸರಿ, ಹೊಸ ರ‍್ಯಾಮೇ ಗತಿ. ತಂದು ಮೇಜಿನ ಮೇಲಿಟ್ಟು ಕಾಫಿ ಕುಡಿದು ಬಂದೆ. ಹಾಕಿದೆ. ಕಂಪ್ಯೂಟರ್ ಕುಂಯ್ ಕುಂಯ್ ಎಂದು ಅಳತೊಡಗಿತು. ಬಿಚ್ಚಿ ನೋಡಿದರೆ ಕರೆಂಟು ಹಾಯಬೇಕಾದ ಚಿನ್ನದ ಬಣ್ಣದ ಪಿನ್ನುಗಳ ಮೇಲೆಲ್ಲ ಏನೋ ಮೆತ್ತಿದೆ.

"ಹೊಸ ಸಾಮಾನಲ್ವಾ ಸಾರ್, ಪೂಜೆ ಮಾಡ್ದೆ ಹಾಕ್ಬಾರ್ದು," ಎಂದರು ಮಾಲೀಕರು. "ಕುಂಕುಮ ಒರೆಸ್ದೆ. ಆ ಚಿನ್ನದ ಕಡೆ ಮಾತ್ರ ಗಂಧ ಹಂಗೇ ಬಿಟ್ಟೆ, ಚೆನ್ನಾಗಿ ಕಾಣ್ತಿತ್ತು."

ರಬ್ಬರ್ ತಗೊಂಡು ಭಕ್ತಿಯನ್ನೆಲ್ಲ ಉಜ್ಜಿ ತೆಗೆದೆ.

೪. ಸಿಹಿಸುದ್ದಿ

ಈ ಸಲ ನಿಲ್ಲಲಿಲ್ಲ! ವರಪೂಜೆ ಬಂತು, ಧಾರೆ ಬಂತು. ತಾಳಿ ಕಟ್ಟುವ ಫೋಟೋ ಬಂದಾಗ ಮೂವರೂ ಚಪ್ಪಾಳೆ ತಟ್ಟಿದೆವು. ಮಾಲೀಕರ ಹೆಂಡತಿ ಕಣ್ಣೊರೆಸಿಕೊಂಡರು. ಕೊನೆಯ ಫೋಟೋವೂ ಬಂತು! ಮಾಲೀಕರು ಖುಷಿ ತಡೆಯಲಾರದೆ ಹುಡುಗಿಯ ಅಪ್ಪನಿಗೆ ಫೋನ್ ಹಚ್ಚಿ ಸ್ಪೀಕರ್ ಹಾಕಿದರು.

"ಸಾರ್! ನಿಮ್ ಮಗಳ ಮದುವೆ ಪೂರ್ತಿ ವಾಪಸ್ ಸಿಕ್ತು ಸಾರ್! ಒಂದ್ ಫೋಟೋನೂ ಹೋಗಿಲ್ಲ!"

ಆ ಕಡೆಯಿಂದ ಮೆಲ್ಲಗೆ, "ಯಾಕ್ರೀ, ಎಲ್ಲಿಗೆ ಹೋಗಿತ್ತು?"

ಫೋಟೋ ಹೋಗಿದ್ದ ವಿಷಯ ಅವರಿಗೆ ಇವರು ಹೇಳಿಯೇ ಇರಲಿಲ್ಲ. ಮಾಲೀಕರು ನನ್ನ ಮುಖ ನೋಡಿದರು. "ಒಂದ್ನಿಮಿಷ ಸಾರ್, ಕಂಪ್ಯೂಟರ್‌ನೋರು ನಿಮ್ಮತ್ರ ಮಾತಾಡ್ಬೇಕಂತೆ," ಎಂದು ಫೋನು ನನ್ನ ಕೈಗೆ ತುರುಕಿ, ಒಳಗೆ ಹೋಗಿ ಚಿಲಕ ಹಾಕಿಕೊಂಡರು.