ವೆಬ್‌ಸೈಟಿನಲ್ಲಿ ನನ್ನ ನಲವತ್ತು ಸನ್ಮಾನಗಳು

ಮೈಸೂರಿನಲ್ಲಿ ನನ್ನಷ್ಟು ಜನರನ್ನು ಸನ್ಮಾನಿಸಿದವನು ಇನ್ನೊಬ್ಬನಿಲ್ಲ ಎಂದರೆ ನೀವು ನನ್ನನ್ನು ಯಾವುದೋ ದೊಡ್ಡ ಸಂಸ್ಥೆಯ ಅಧ್ಯಕ್ಷನೆಂದು ತಿಳಿದುಕೊಳ್ಳಬಹುದು. ಹಾಗೇನಿಲ್ಲ. ಸಯ್ಯಾಜಿರಾವ್ ರಸ್ತೆಯಿಂದ ಒಳಕ್ಕೆ ತಿರುಗುವ ಒಂದು ಗಲ್ಲಿಯಲ್ಲಿ ನನ್ನದು ಸನ್ಮಾನದ ಸಾಮಾನಿನ ಅಂಗಡಿ. ಮೈಸೂರು ಪೇಟ, ಶಾಲು, ಗಂಧದ ಹಾರ, ಹಣ್ಣಿನ ಬುಟ್ಟಿ, ನೆನಪಿನ ಕಾಣಿಕೆ ಎಲ್ಲವೂ ಒಂದೇ ಕಡೆ ಸಿಗುತ್ತವೆ. ಸನ್ಮಾನಿತರನ್ನು ಮಾತ್ರ ನೀವೇ ಹುಡುಕಿಕೊಳ್ಳಬೇಕು. ಮೂವತ್ತು ವರ್ಷಗಳಿಂದ ಊರಿನ ವೈದ್ಯರು, ಕವಿಗಳು, ಪೈಲ್ವಾನರು, ನಿವೃತ್ತರಾಗುವ ಹೆಡ್‌ಮಾಸ್ಟರುಗಳು ನಾನು ಕಟ್ಟಿದ ಪೇಟ ಹೊತ್ತು ತಮ್ಮ ಹೊಗಳಿಕೆಯನ್ನು ತಾವೇ ಕೇಳಿಸಿಕೊಂಡಿದ್ದಾರೆ. ಆ ಸಭೆಗಳಲ್ಲಿ ಒಂದನ್ನೂ ನಾನು ನೋಡಿದವನಲ್ಲ. ಅತ್ತ ಸ್ವಾಗತ ಭಾಷಣ ನಡೆಯುವ ಹೊತ್ತಿಗೆ ಇತ್ತ ನಾನು ಮಾರನೆಯ ದಿನದ ಪೇಟಕ್ಕೆ ಸರಿಗೆ ಕೂರಿಸುತ್ತಿರುತ್ತೇನೆ.

ಈಚಿನ ಎರಡು ವರ್ಷಗಳಲ್ಲಿ ಈ ಕೆಲಸಕ್ಕೆ ಕುತ್ತು ಬಂತು. ಸಂಘ ಸಂಸ್ಥೆಯವರು ಮೊಬೈಲಿನಲ್ಲೇ ಪೇಟ ತರಿಸಲು ಶುರುಮಾಡಿದರು. ರಟ್ಟಿನ ಮೇಲೆ ಹೊಳೆಯುವ ಬಟ್ಟೆ ಅಂಟಿಸಿದ ಆ ವಸ್ತು ಡಬ್ಬಿಯಲ್ಲಿ ಕೂತು ಕೊರಿಯರಿನಲ್ಲಿ ಮನೆ ಬಾಗಿಲಿಗೇ ಬರುತ್ತದೆ. ಅದನ್ನು ಪೇಟ ಎನ್ನಲು ನನ್ನ ನಾಲಿಗೆ ಏಳುವುದಿಲ್ಲ, ಆದರೆ ದೂರದಿಂದ ತೆಗೆದ ಫೋಟೋದಲ್ಲಿ ಎರಡಕ್ಕೂ ವ್ಯತ್ಯಾಸ ತಿಳಿಯುವುದಿಲ್ಲ ಎಂಬುದೂ ನಿಜ. ನನ್ನ ಭಾವಮೈದ ರವೀಂದ್ರನಿಗೆ ನನ್ನ ಅಂಗಡಿಯ ಜಾಗದ ಮೇಲೆ ಬಹಳ ದಿನಗಳಿಂದ ಕಣ್ಣು. ಅಲ್ಲಿ ಜ್ಯೂಸ್ ಸೆಂಟರ್ ತೆರೆದರೆ ಜನ ಸಾಲುಗಟ್ಟುತ್ತಾರೆ ಎಂದು ಅವನು ಪ್ರತಿ ಹಬ್ಬದ ಊಟದ ಎಲೆಯ ಮುಂದೆ ಹೇಳುತ್ತಾನೆ. ಕೊನೆಗೆ ಮನೆಯಲ್ಲಿ ಒಂದು ತೀರ್ಮಾನವಾಯಿತು. ಸನ್ಮಾನಗಳ ಸುಗ್ಗಿಯೆಂದರೆ ನವೆಂಬರ್, ರಾಜ್ಯೋತ್ಸವದ ತಿಂಗಳು. ಆ ತಿಂಗಳು ಮುಗಿಯುವುದರೊಳಗೆ ವ್ಯಾಪಾರ ಚೇತರಿಸಿಕೊಳ್ಳದಿದ್ದರೆ ಬೀಗದಕೈ ರವೀಂದ್ರನಿಗೆ. ನಾನು ಧೈರ್ಯವಾಗಿ ಒಪ್ಪಿಕೊಂಡೆ. ಒಳಗೆ ಮಾತ್ರ ಭಯವಾಗಿತ್ತು. ಅಂಗಡಿ ಹೋದರೆ ಬೆಳಿಗ್ಗೆ ತಿಂಡಿ ತಿಂದು ಚಪ್ಪಲಿ ಮೆಟ್ಟಿಕೊಂಡು ನಾನು ಎಲ್ಲಿಗೆ ಹೋಗಲಿ?

ನನ್ನನ್ನು ಪಾರುಮಾಡುವ ಹೊಣೆಯನ್ನು ಹೆಂಡತಿ ಸುಮಿತ್ರ ಹೊತ್ತುಕೊಂಡಳು. ಅವಳು ಹೈಸ್ಕೂಲಿನಲ್ಲಿ ಗಣಿತ ಪಾಠ ಮಾಡಿ ನಿವೃತ್ತಳಾದವಳು. ಲೋಕದಲ್ಲಿ ಎಲ್ಲ ಸಮಸ್ಯೆಗೂ ಉತ್ತರ ಪುಸ್ತಕದ ಹಿಂದಿನ ಪುಟದಲ್ಲಿರುತ್ತದೆ ಎಂದು ನಂಬಿರುವವಳು. ವಿಜಯನಗರದಲ್ಲಿ ಮಹಿಳೆಯರಿಗೆ ಡಿಜಿಟಲ್ ಮಾರ್ಕೆಟಿಂಗ್ ಕಲಿಸುತ್ತಾರೆಂದು ತಿಳಿದು ನಮ್ಮ ಕುಂಬಾರಕೊಪ್ಪಲಿನ ಮನೆಯಿಂದ ದಿನವೂ ಸ್ಕೂಟರಿನಲ್ಲಿ ಹೋಗಿ ಬಂದಳು. ಅಲ್ಲಿ ಕೊಟ್ಟ ಹೋಂವರ್ಕೇ ನಮ್ಮ ವೆಬ್‌ಸೈಟು. ಒಂದು ಸಂಜೆ ನನ್ನನ್ನು ಕೂರಿಸಿಕೊಂಡು ನಮ್ಮ ಸಂಸ್ಥೆಯ ಧ್ಯೇಯವೇನು ಎಂದು ಕೇಳಿದಳು. ಆರೂವರೆಗೆ ಬಾಗಿಲು ಹಾಕಿ ಮನೆಗೆ ಬರುವುದು ಎಂದೆ. ದಡ್ಡ ವಿದ್ಯಾರ್ಥಿಯನ್ನು ನೋಡುವಂತೆ ನನ್ನನ್ನೊಮ್ಮೆ ನೋಡಿ, ‘ಸಾಧಕರಿಗೂ ಸಮಾಜಕ್ಕೂ ನಡುವಿನ ಸೇತುವೆ’ ಎಂದು ತಾನೇ ಬರೆದುಕೊಂಡಳು. ಅಂದಿನಿಂದ ನಾನು ಸೇತುವೆ. ವೆಬ್‌ಸೈಟು ಸಿದ್ಧವಾದ ಮಾರನೆಯ ದಿನವೇ ಅದರ ಮೂಲಕ ಮೊದಲ ಸಂದೇಶ ಬಂದಾಗ ನಾವಿಬ್ಬರೂ ಮೊಬೈಲಿಗೆ ಮುಗಿಬಿದ್ದೆವು. ನಿಮಗೊಂದು ಒಳ್ಳೆಯ ವೆಬ್‌ಸೈಟು ಮಾಡಿಕೊಡುತ್ತೇವೆ, ನಮ್ಮನ್ನು ಸಂಪರ್ಕಿಸಿ ಎಂದು ಯಾವುದೋ ಕಂಪನಿಯವರು ಬರೆದಿದ್ದರು.

ಇನ್ನು ಫೋಟೋಗಳ ಸಂಗತಿ. ಅಂಗಡಿಯಲ್ಲಿ ಪೇಟ ತೊಡಿಸಿಡಲು ಪ್ಲಾಸ್ಟರಿನ ಒಂದು ತಲೆಯಿದೆ. ಅದರ ಮೂಗು ಚಕ್ಕೆಯೆದ್ದು ಎಷ್ಟೋ ಕಾಲವಾಗಿದೆ. ಅದನ್ನು ನೋಡಿ ಯಾರೂ ಆರ್ಡರ್ ಕೊಡುವುದಿಲ್ಲ, ನೀವೇ ಕೂತುಕೊಳ್ಳಿ ಎಂದಳು ಸುಮಿತ್ರ. ನನ್ನ ಮೂಗು ನೆಟ್ಟಗಿದೆ ಎಂಬ ಪ್ರಶಂಸೆ ಮದುವೆಯಾದ ಮೇಲೆ ಸಿಕ್ಕಿದ್ದು ಅದೇ ಮೊದಲಾದ್ದರಿಂದ ಒಪ್ಪಿಕೊಂಡೆ. ಬರೀ ಪೇಟ ಸಾಲದು, ಪೂರ್ತಿ ಸೆಟ್ ಕಾಣಬೇಕು ಎಂದು ಶಾಲು ಹೊದಿಸಿ, ಹಾರ ಹಾಕಿ, ಹಣ್ಣಿನ ಬುಟ್ಟಿ ಹಿಡಿಸಿದಳು. ನೆನಪಿನ ಕಾಣಿಕೆಗಳಿಗೆ ಬರವಿರಲಿಲ್ಲ. ಮಾಡಿಸಲು ಹೇಳಿ ಒಯ್ಯದೆ ಬಿಟ್ಟುಹೋದ ಫಲಕಗಳೇ ನನ್ನಲ್ಲಿ ಒಂದು ಬೀರುವಿನ ತುಂಬ ಇವೆ. ಮುಖ್ಯ ಅತಿಥಿ ಕೈಕೊಟ್ಟದ್ದು, ಸಂಘವೇ ಎರಡಾಗಿ ಒಡೆದದ್ದು, ಹೀಗೆ ಒಂದೊಂದರ ಹಿಂದೆಯೂ ಒಂದು ಕಥೆಯಿದೆ. ಅವನ್ನೆಲ್ಲ ಒರೆಸಿ ಒಂದೊಂದನ್ನೇ ನನ್ನ ಕೈಗೆ ಕೊಟ್ಟು, ಒಂದು ಭಾನುವಾರ ನಲವತ್ತು ಫೋಟೋ ತೆಗೆದಳು. ಪೇಟ ಜಾರದಿರಲೆಂದು ಹಿಂದುಗಡೆ ಬಟ್ಟೆ ಒಣಹಾಕುವ ಕ್ಲಿಪ್ಪು. ನಾನೂ ಸುಮ್ಮನಿರದೆ ಕೈಮುಗಿದು, ತಲೆಯನ್ನು ಒಂದಿಷ್ಟು ಬಾಗಿಸಿ, ಇದಕ್ಕೆಲ್ಲ ನಾನು ಅರ್ಹನಲ್ಲ ಎನ್ನುವ ಮುಖ ಮಾಡಿದೆ. ಆ ಮುಖ ನನಗೆ ಅಷ್ಟು ಸಲೀಸಾಗಿ ಬರುತ್ತದೆಂದು ಗೊತ್ತಿರಲಿಲ್ಲ.

ಫೋಟೋಗಳು ವೆಬ್‌ಸೈಟಿಗೂ, ಜೊತೆಗೆ ಫೇಸ್‌ಬುಕ್ಕು, ಇನ್‌ಸ್ಟಾಗ್ರಾಮು, ವಾಟ್ಸಾಪ್ ಮೂರಕ್ಕೂ ಏರಿದವು. ಪ್ರತಿ ಫೋಟೋದ ಕೆಳಗೆ ‘ಪೂರ್ತಿ ಸೆಟ್ ಲಭ್ಯ, ಆರ್ಡರ್ ಮಾಡಲು ಸಂಪರ್ಕಿಸಿ’ ಎಂದು ಸುಮಿತ್ರ ಸ್ಪಷ್ಟವಾಗಿ ಬರೆದಿದ್ದಳು. ಆದರೆ ನಮ್ಮ ಜನರ ಅಭ್ಯಾಸ ನಿಮಗೆ ಗೊತ್ತಲ್ಲ. ಪೇಟ ಮತ್ತು ಶಾಲಿನ ಒಬ್ಬ ಮನುಷ್ಯ ಕಣ್ಣಿಗೆ ಬಿದ್ದರೆ ಸಾಕು, ಓದುವುದಕ್ಕೆ ಮೊದಲೇ ಹೆಬ್ಬೆರಳು ‘ಅಭಿನಂದನೆಗಳು’ ಎಂದು ಒತ್ತಿ ಮುಂದಕ್ಕೆ ಹೋಗಿರುತ್ತದೆ. ನಾನೂ ಹಾಗೆಯೇ ಎಷ್ಟೋ ಜನರನ್ನು ಅಭಿನಂದಿಸಿದ್ದೇನೆ, ಯಾಕೆಂದು ಕೇಳಿದರೆ ಹೇಳಲಾರೆ. ಒಂದೇ ದಿನದಲ್ಲಿ ನನ್ನ ಮೇಲೆ ಅಭಿನಂದನೆಗಳ ಸುರಿಮಳೆ. ‘ಅರ್ಹರಿಗೆ ಸಂದ ಗೌರವ’ ಎಂದರು ಕೆಲವರು. ‘ತಡವಾಗಿಯಾದರೂ ಗುರುತಿಸಿದರಲ್ಲ’ ಎಂದು ಸಂಸ್ಥೆಗಳನ್ನು ಬೈದರು ಕೆಲವರು. ಎಷ್ಟೋ ವರ್ಷ ಮಾತು ಬಿಟ್ಟಿದ್ದ ಮಂಡಕಳ್ಳಿಯ ದೊಡ್ಡಪ್ಪನ ಮಗ ಫೋನು ಮಾಡಿ, ನಲವತ್ತು ಸಮಾರಂಭಗಳಲ್ಲಿ ಒಂದಕ್ಕಾದರೂ ಕರೆಯಬಾರದಿತ್ತೇ ಎಂದು ಹೊಸದಾಗಿ ಮಾತು ಬಿಟ್ಟ. ನಮ್ಮ ಬೀದಿಗೆ ಬರುವ ಸೊಪ್ಪಿನ ರಾಜಮ್ಮ ದಂತವೈದ್ಯರ ಬಳಗದ ಫಲಕ ಹಿಡಿದ ನನ್ನ ಫೋಟೋ ನೋಡಿದ್ದಳಂತೆ, ಬುಟ್ಟಿ ಇಳಿಸಿ ಬಾಯಿ ತೆರೆದು ದವಡೆ ಹಲ್ಲು ತೋರಿಸಿದಳು.

ಇಷ್ಟರಲ್ಲಿ ಬಂದ ಆರ್ಡರ್ ಒಂದೂ ಇಲ್ಲ. ನವೆಂಬರಿನ ಮೊದಲ ವಾರ ಕಳೆದಿತ್ತು. ರವೀಂದ್ರ ಒಂದು ದಿನ ಅಂಗಡಿಗೆ ಬಂದು ಮಿಕ್ಸಿ ಎಲ್ಲಿಡಬಹುದೆಂದು ಗೋಡೆಗಳನ್ನು ನೋಡಿಕೊಂಡು ಹೋದ. ನನಗೆ ಅಂಗಡಿಯ ಚಿಂತೆಯಾಗಬೇಕಿತ್ತು, ಆಯಿತು ಕೂಡ. ಆದರೆ ನಿಮ್ಮ ಮುಂದೆ ಮುಚ್ಚಿಡುವುದೇಕೆ, ಬೆಳಿಗ್ಗೆ ಎದ್ದ ತಕ್ಷಣ ನಾನು ಮೊಬೈಲು ತೆರೆಯುತ್ತಿದ್ದುದು ಆರ್ಡರ್ ನೋಡಲು ಅಲ್ಲ. ನನಗೆ ಆ ಅಭಿನಂದನೆಗಳ ರುಚಿ ಹತ್ತಿಬಿಟ್ಟಿತ್ತು.

ಆಗಲೇ ವಿಜಯನಗರದ ಶಿವಮಲ್ಲಪ್ಪನವರ ಫೋನು ಬಂತು. ಅಲ್ಲಿನ ಪಾರ್ಕಿನಲ್ಲಿ ಬೆಳಗಿನ ನಡಿಗೆ ಮಾಡುವವರೆಲ್ಲ ಸೇರಿ ಕಟ್ಟಿಕೊಂಡ ಸಾಂಸ್ಕೃತಿಕ ಬಳಗಕ್ಕೆ ಅವರು ಅಧ್ಯಕ್ಷರು. ರಾಜ್ಯೋತ್ಸವ ಮಾಡುತ್ತಿದ್ದೇವೆ ಎಂದರು. ನಾನು ಆತುರದಿಂದ ಆರ್ಡರ್ ಪುಸ್ತಕ ಬಿಚ್ಚಿದೆ. ಅವರಿಗೆ ಬೇಕಾಗಿದ್ದುದು ಪೇಟವಲ್ಲ, ನಾನು. ಯಾವ ಸಾಧನೆಗೆ ಎಂದು ಬಾಯಿತಪ್ಪಿ ಕೇಳಿಬಿಟ್ಟೆ.

“ಏನ್ ಸಾರ್ ಹಿಂಗ್ ಕೇಳ್ತೀರಿ? ಅಷ್ಟೊಂದ್ ಜನ ನಿಮ್ಗೆ ಮಾಡವ್ರೆ. ನಮ್ದೊಂದ್ ಬಾಕಿ ಇರಬಾರ್ದು ಕಣ್ರೀ,” ಎಂದರು.

ನಾನು ಆಗಲೇ ನಿಜ ಹೇಳಬೇಕಿತ್ತು. ಆಗಲಿ, ಬರುತ್ತೇನೆ ಎಂದೆ. ಸಂಗತಿ ಕೇಳಿ ಸುಮಿತ್ರ ಹೌಹಾರಿದಳು. ಗಣಿತದವರಿಗೆ ಇಂಥದ್ದನ್ನು ಸಹಿಸಲು ಆಗುವುದಿಲ್ಲ. ಅಂದೇ ಕೂತು ನಲವತ್ತು ಫೋಟೋಗಳ ಮೇಲೂ ಬೆಲೆಯನ್ನು ದೊಡ್ಡ ಅಕ್ಷರಗಳಲ್ಲಿ ಹಾಕಿದಳು. ಪುಟದ ತಲೆಯಲ್ಲಿ ‘ಇಲ್ಲಿರುವ ವ್ಯಕ್ತಿ ಮಾಡೆಲ್ ಮಾತ್ರ, ಇವರನ್ನು ಯಾರೂ ಸನ್ಮಾನಿಸಿಲ್ಲ’ ಎಂದು ಪ್ರಕಟಣೆ ಬರೆದಳು. ಬರೆದದ್ದು ನಿಜವೇ, ಆದರೂ ಓದಿ ನನಗೆ ಯಾಕೋ ನೋವಾಯಿತು. ಮಾರನೆಯ ದಿನ ನಾನೇ ವಿಜಯನಗರಕ್ಕೆ ಹೋಗಿ ಶಿವಮಲ್ಲಪ್ಪನವರ ಮುಂದೆ ಎಲ್ಲವನ್ನೂ ಒಪ್ಪಿಕೊಂಡೆ. ಅವರು ಆಮಂತ್ರಣ ಪತ್ರಿಕೆಗಳ ಕಟ್ಟನ್ನು ತಂದು ನನ್ನ ಮುಂದಿಟ್ಟರು.

“ಈಗೇನೂ ಮಾಡಕಾಗಲ್ಲ ಸಾರ್. ಇನ್ವಿಟೇಷನ್ ಪ್ರಿಂಟ್ ಆಗ್ಬುಟ್ಟೈತೆ. ನೀವ್ ಬಂದ್ ಕೂತ್ಕೊಂಡ್ಬುಡಿ. ಹೆಂಗೂ ಬರ್ತೀರಲ್ಲ, ಮೂರು ಪೇಟ ನೀವೇ ತಂದ್ಬುಡಿ,” ಎಂದರು.

ನನ್ನ ಜೊತೆ ಸನ್ಮಾನಗೊಳ್ಳುವವರು ಒಬ್ಬ ನಿವೃತ್ತ ಪೋಸ್ಟ್‌ಮಾಸ್ಟರು ಮತ್ತು ಒಬ್ಬ ಪೈಲ್ವಾನರು. ಯಾವ ಸಂಘದವರೂ ದೊಡ್ಡ ಮನುಷ್ಯರಿಗೆ ಫೋನು ಮಾಡಿ ನಿಮ್ಮ ತಲೆ ಎಷ್ಟು ಇಂಚು ಎಂದು ಕೇಳುವುದಿಲ್ಲ, ಅದು ಮರ್ಯಾದೆಯಲ್ಲ. ಆಮಂತ್ರಣದಲ್ಲಿರುವ ಫೋಟೋ ನೋಡಿ ತಲೆಯ ಅಳತೆಯನ್ನು ಅಂದಾಜು ಮಾಡುವುದೇ ನನ್ನ ಕಸುಬಿನ ಗುಟ್ಟು, ಅದರಲ್ಲಿ ಕಾಲಿಂಚೂ ತಪ್ಪಿದವನಲ್ಲ. ಮೂರು ಫೋಟೋಗಳನ್ನೂ ಎದುರಿಗಿಟ್ಟುಕೊಂಡು ಮೂರು ಪೇಟ ಕಟ್ಟಿದೆ. ಇದೇ ಕೊನೆಯದಿರಬಹುದು ಎಂದು ನನ್ನದಕ್ಕೆ ಒಳ್ಳೆಯ ರೇಷ್ಮೆ, ಅಗಲ ಸರಿಗೆ ಹಾಕಿದೆ.

ಸಭೆಯ ದಿನ ಪೋಸ್ಟ್‌ಮಾಸ್ಟರಿಗೂ ಪೈಲ್ವಾನರಿಗೂ ಪೇಟ ಅಚ್ಚುಕಟ್ಟಾಗಿ ಕೂತಿತು. ನನ್ನ ಸರದಿ ಬಂತು. ಶಾಲು, ಹಾರ ಆಗಿ, ಎರಡೂ ಕೈಗೆ ಹಣ್ಣಿನ ಬುಟ್ಟಿ ಬಂತು. ಪರಿಚಯ ಓದಬೇಕಾದ ಶಿವಮಲ್ಲಪ್ಪನವರು ಚೀಟಿ ಮಡಚಿ ಜೇಬಿಗಿಟ್ಟರು.

“ಇವ್ರು ಏನ್ ಸಾಧನೆ ಮಾಡವ್ರೆ ಅಂತ ನಂಗೂ ಮೊದ್ಲು ಗೊತ್ತಿರ್ಲಿಲ್ಲ. ಮೂವತ್ತು ವರ್ಷ ಬೇರೆಯವ್ರ ತಲೆ ಮೇಲೆ ಪೇಟ ಇಡೋಕೆ ಕೆಲ್ಸ ಮಾಡವ್ರೆ. ಇವತ್ತು ಒಂದಿನ ಇವ್ರ ತಲೆ ಮೇಲೂ ಕೂರ್ಲಿ,” ಎಂದರು.

ಆ ಮಾತಿಗೆ ನಾನು ಸಿದ್ಧನಾಗಿರಲಿಲ್ಲ. ಅಷ್ಟರಲ್ಲಿ ಮುಖ್ಯ ಅತಿಥಿಗಳು ಹಿಂದಿನಿಂದ ಪೇಟ ತೊಡಿಸಿದರು. ಅದು ಹಣೆ ದಾಟಿ, ಹುಬ್ಬು ದಾಟಿ, ಕನ್ನಡಕವನ್ನೂ ಒಳಗೆ ಹಾಕಿಕೊಂಡು ಮೂಗಿನ ಮೇಲೆ ಬಂದು ನಿಂತಿತು. ಊರಿನವರ ತಲೆಗಳನ್ನೆಲ್ಲ ಸರಿಯಾಗಿ ಅಳೆದವನು ತನ್ನ ತಲೆಯನ್ನು ಮಾತ್ರ ಎರಡಿಂಚು ದೊಡ್ಡದೆಂದು ತಿಳಿದಿದ್ದ. ಸರಿಮಾಡಿಕೊಳ್ಳೋಣವೆಂದರೆ ಎರಡೂ ಕೈಯಲ್ಲಿ ಬುಟ್ಟಿ. ಸಭೆ ನಗುತ್ತಲೇ ಚಪ್ಪಾಳೆ ತಟ್ಟಿತು. ಪೇಟದ ಒಳಗಿನ ಕತ್ತಲಲ್ಲಿ ನಾನು ಅಳುತ್ತಿದ್ದುದು ಯಾರಿಗೂ ಕಾಣಲಿಲ್ಲ.

ಆ ಫೋಟೋವನ್ನು ಸುಮಿತ್ರ ಅಂದು ಸಂಜೆಯೇ ನಮ್ಮ ಪುಟದಲ್ಲಿ ಹಾಕಿದಳು. ‘ಇದು ನಿಜವಾದ ಸನ್ಮಾನ’ ಎಂದು ಕೆಳಗೆ ಬರೆದಳು. ಪ್ರತಿಕ್ರಿಯೆಗಳು ಒಂದರ ಹಿಂದೆ ಒಂದು ಬರತೊಡಗಿದವು. ‘ಪೇಟ ಸೊಗಸಾಗಿದೆ, ರೇಟ್ ಎಷ್ಟು?’ ‘ಈ ಸರಿಗೆ ಬೇರೆ ಬಣ್ಣದಲ್ಲಿ ಇದೆಯೇ?’ ನನ್ನ ಮುಖ ಪೂರ್ತಿ ಮುಚ್ಚಿಹೋಗಿದ್ದರಿಂದ ನೋಡಿದವರ ಗಮನ ಪೇಟದಿಂದ ಅತ್ತಿತ್ತ ಹೋಗಿರಲಿಲ್ಲ. ಮೂರನೆಯ ದಿನ ಒಂದು ಕಾಲೇಜಿನವರು ಪದವಿ ಪ್ರದಾನಕ್ಕೆ ಟೋಪಿಯ ಬದಲು ಪೇಟವೇ ಇರಲಿ ಎಂದು ಇನ್ನೂರು ಹೇಳಿದರು. ತಿಂಗಳು ಮುಗಿಯುವ ಹೊತ್ತಿಗೆ ಜನವರಿಯವರೆಗೆ ಕೈತುಂಬ ಕೆಲಸ. ರವೀಂದ್ರ ತನ್ನ ಜ್ಯೂಸ್ ಸೆಂಟರಿಗೆ ಬೇರೆ ಜಾಗ ಹುಡುಕಿಕೊಂಡು, ಉದ್ಘಾಟನೆಗೆ ಬರುವ ಅತಿಥಿಗೆಂದು ಒಂದು ಪೇಟಕ್ಕೂ ಹೇಳಿ ಹೋದ. ಉತ್ತರ ಬರೆದು ಬರೆದು ಸಾಕಾಗಿ ಸುಮಿತ್ರ, ಯಾರು ಏನೇ ಬರೆದರೂ ಮೊಬೈಲು ತಾನಾಗಿಯೇ ಉತ್ತರಿಸುವ ಏರ್ಪಾಡು ಮಾಡಿಟ್ಟಳು.

ಅಂಗಡಿ ಉಳಿಯಿತು. ನನಗೆ ಅದಕ್ಕಿಂತ ಹೆಚ್ಚಿನದೇನು ಬೇಕು? ಆದರೂ ಮೊನ್ನೆ ಮಧ್ಯಾಹ್ನ ಬಿಡುವಾಗಿದ್ದಾಗ ಆ ಫೋಟೋದ ಕೆಳಗಿನ ಮಾತುಗಳನ್ನೆಲ್ಲ ಮೊದಲಿನಿಂದ ಕೊನೆಯವರೆಗೆ ಓದಿದೆ. ಸುಳ್ಳು ಸನ್ಮಾನಗಳಿಗೆ ನೂರಾರು ಅಭಿನಂದನೆ ಬಂದಿದ್ದವು. ನಿಜವಾದ ಒಂದಕ್ಕೆ ಒಬ್ಬರೂ ನನ್ನ ಬಗ್ಗೆ ಒಂದು ಒಳ್ಳೆಯ ಮಾತು ಬರೆದಿರಲಿಲ್ಲ. ಅತ್ತಿತ್ತ ನೋಡಿ, ಯಾರೂ ಇಲ್ಲದ್ದು ಖಚಿತವಾದ ಮೇಲೆ, ನನ್ನ ಮೊಬೈಲಿನಿಂದ ನಾನೇ ‘ಅಭಿನಂದನೆಗಳು’ ಎಂದು ಬರೆದೆ. ಕಣ್ಣು ಮಿಟುಕಿಸುವುದರೊಳಗೆ ನಮ್ಮ ಅಂಗಡಿಯ ಉತ್ತರ ಬಂತು. ‘ನಿಮ್ಮ ಆಸಕ್ತಿಗೆ ಧನ್ಯವಾದಗಳು. ದಯವಿಟ್ಟು ನಿಮ್ಮ ತಲೆಯ ಸರಿಯಾದ ಅಳತೆ ತಿಳಿಸಿ.’ ಈ ಸಲ ಅಂದಾಜು ಬೇಡವೆಂದು ನಾನು ಟೇಪು ಹುಡುಕಲು ಎದ್ದೆ.