ಚಕ್ರದ ಮನೆಯಲ್ಲಿ ಉಕ್ಕಿದ ಹಾಲು

ಕೊಳ್ಳುವ ಯೋಗ್ಯತೆ ಇಲ್ಲದ ವಸ್ತುವನ್ನು ನೋಡಲು ಹೋಗಿ ಏನು ಪ್ರಯೋಜನ ಎಂದು ಅಪ್ಪ ಕೇಳುತ್ತಾರೆ. ಆ ಯೋಗ್ಯತೆ ಇಲ್ಲದವನೇ ವಸ್ತುವನ್ನು ಸರಿಯಾಗಿ ನೋಡುವುದು ಎಂದು ನನ್ನ ವಾದ. ಕೊಳ್ಳುವವನ ಕಣ್ಣು ಬೆಲೆಚೀಟಿಯ ಮೇಲೆ, ಕೈ ಕಿಸೆಯ ಮೇಲೆ. ಪಾಪ, ವಸ್ತುವನ್ನು ನೋಡಲು ಅವನಿಗೆ ಪುರುಸೊತ್ತೆಲ್ಲಿ? ನನಗೆ ಈಗ ಹದಿನೈದು. ಇಷ್ಟರೊಳಗೆ ನಾನು ಸುತ್ತಲೂ ನೋಡಿ, ತಟ್ಟಿ, ಮೂಸಿ, ಕೊನೆಗೆ ಬೇಡವೆಂದು ಬಿಟ್ಟುಬಂದ ವಸ್ತುಗಳಲ್ಲಿ ಕೊಚ್ಚಿ ಬಂದರಿನ ಎರಡು ಹಡಗು, ಒಂದು ಆನೆ ಮತ್ತು ಮಟ್ಟಾಂಚೇರಿಯ ಒಂದು ಇಡೀ ಮೆಣಸಿನ ಗೋದಾಮು ಸೇರಿವೆ. ಆನೆಯ ವಿಷಯದಲ್ಲಿ ಮಾತ್ರ ಈಗಲೂ ಸ್ವಲ್ಪ ಬೇಸರವಿದೆ. ಆದ್ದರಿಂದ ತಿರುವನಂತಪುರದ ಮೈದಾನದಲ್ಲಿ ನಡೆಯುವ ಚಕ್ರದ ಮನೆಗಳ ಪ್ರದರ್ಶನಕ್ಕೆ ಹೋಗುವುದು ಸಾರ್ಥಕವೋ ಅಲ್ಲವೋ ಎಂದು ಯಾರಾದರೂ ಕೇಳಿದರೆ, ಉತ್ತರ ಹೇಳುವ ಅಧಿಕಾರ ಕೇರಳ ರಾಜ್ಯದಲ್ಲಿ ನನಗೊಬ್ಬನಿಗೇ ಇದೆ.

ಮನೆಗೆ ಚಕ್ರ ಕಟ್ಟಿ ಓಡಿಸುವ ವಿದ್ಯೆಯನ್ನು ಬಿಳಿಯರು ಕಂಡುಹಿಡಿದರೆಂದು ಜನ ನಂಬಿದ್ದಾರೆ. ಸುಳ್ಳು. ನಮ್ಮ ಊರು ಕಾಸರಗೋಡು. ಸರ್ಕಾರದವರು ರಾಜ್ಯಗಳನ್ನು ಹೊಸದಾಗಿ ಹಂಚಿದಾಗ ನಮ್ಮ ಕಲ್ಲಿನ ಮನೆ, ಬಾವಿ, ಹಿತ್ತಲಿನ ಬಸಳೆ ಚಪ್ಪರದ ಸಮೇತ, ಮದರಾಸು ರಾಜ್ಯದಲ್ಲಿ ಮಲಗಿ ಕೇರಳದಲ್ಲಿ ಎದ್ದಿತು. ಒಂದು ಹೆಂಚು ಅಲುಗಲಿಲ್ಲ, ಬಸಳೆಯ ಒಂದು ಎಲೆ ಉದುರಲಿಲ್ಲ. ಇಂಥ ಸವಾರಿಯನ್ನು ಯಾವ ಗಾಡಿ ಕೊಟ್ಟೀತು? ಅಪ್ಪ ಸರ್ಕಾರಿ ಗುಮಾಸ್ತರು. ಮನೆ ಹೋದ ರಾಜ್ಯಕ್ಕೆ ಅವರೂ ಹೋಗಬೇಕಾಯಿತು. ಮೊದಲು ಎರ್ನಾಕುಳಂ ಕಚೇರಿಗೆ ಹಾಕಿದರು. ನಲವತ್ತು ದಾಟಿದ ಮನುಷ್ಯ ಒಂದನೇ ಕ್ಲಾಸಿನ ಮಲಯಾಳಂ ಪುಸ್ತಕ ಕೊಂಡುತಂದು, ಕಚೇರಿಯಿಂದ ಬಂದ ಮೇಲೆ ಬೆರಳಿಟ್ಟು ಅಕ್ಷರ ಕಲಿತರು. ನಾನು ಮಾತ್ರ ದೋಣಿ ಕಡವಿನಲ್ಲಿ ನಿಂತು ನಿಂತು ಮಲಯಾಳಂ ಮಾತನ್ನು ಎಷ್ಟು ಚೆನ್ನಾಗಿ ಕಲಿತೆನೆಂದರೆ, ಓದಲು ಬರೆಯಲು ಕಲಿಯುವ ಅಗತ್ಯವೇ ನನಗೆ ಕಾಣಲಿಲ್ಲ. ನಮ್ಮ ಮಲಯಾಳಂ ಮೇಷ್ಟ್ರಿಗೆ ಆ ಅಗತ್ಯ ಪ್ರತಿ ಪರೀಕ್ಷೆಯಲ್ಲೂ ಕಾಣುತ್ತಿತ್ತು.

ಎರ್ನಾಕುಳಂನಲ್ಲಿ ನಮಗೆ ಸಿಕ್ಕಿದ ಬಾಡಿಗೆ ಮನೆಗಳ ಕಥೆ ಬೇರೆಯೇ ಬರೆಯಬೇಕು. ಒಂದರಲ್ಲಿ ಕಾಯಲಿನ ಹಿನ್ನೀರು ಏರಿದಾಗ ಮೀನುಗಳು ಅಡುಗೆಮನೆಗೆ ಬಂದು, ನಾವು ತರಕಾರಿ ತಿನ್ನುವವರೆಂದು ತಿಳಿದು ವಾಪಸು ಹೋಗುತ್ತಿದ್ದವು. ಇನ್ನೊಂದರಲ್ಲಿ ಮಾಲೀಕರ ಆಡಿಗೆ ನಮ್ಮ ಪಡಸಾಲೆಯಲ್ಲಿ ಮಲಗುವ ಹಕ್ಕಿತ್ತು. ಹೀಗಿರುವಾಗ ಅಪ್ಪನಿಗೆ ತಿರುವನಂತಪುರಕ್ಕೆ ವರ್ಗವಾಯಿತು. ಅಮ್ಮ ಕೂಗಾಡಲಿಲ್ಲ. ತರಕಾರಿ ಹೆಚ್ಚುತ್ತಾ ಹೇಳಿದಳು.

"ಬಾವಿ ಉಂಟು, ಪೂರ್ವಕ್ಕೆ ಮುಖ ಮಾಡಿ ಅಡುಗೆ ಮಾಡ್ಲಿಕ್ಕೆ ಆಗ್ತದೆ ಅನ್ನುವಂಥ ಒಂದು ಮನೆ ತೋರ್ಸಿ, ಬರ್ತೇನೆ. ಇಲ್ಲದಿದ್ರೆ ಮಕ್ಕಳನ್ನು ಕರ್ಕೊಂಡು ಕಾಸರಗೋಡಿಗೆ ಹೋಗ್ತೇನೆ. ನೀವು ಹೋಟ್ಲಲ್ಲಿ ಉಣ್ಣಿ."

ಅಪ್ಪ ಹೆದರಿದರು. ಮೂಗಿನ ಮೇಲಿರುವ ಕನ್ನಡಕವನ್ನೂ ಅಮ್ಮನನ್ನು ಕರೆದು ಹುಡುಕಿಸುವ ಮನುಷ್ಯ ಅವರು. ಒಬ್ಬರೇ ಹೋಟೆಲಿನಲ್ಲಿ ಉಂಡು ಕೋಣೆಗೆ ಬಂದರೆ, ಕನ್ನಡಕ ಎಲ್ಲಿ ಎಂದು ಯಾರನ್ನು ಕೇಳಬೇಕು? ನನಗೂ ಹೆದರಿಕೆಯಾಯಿತು. ತಿರುವನಂತಪುರದಲ್ಲಿ ಮೃಗಶಾಲೆ ಇದೆ, ಸಿನಿಮಾ ಇದೆ. ಕಾಸರಗೋಡಿನಲ್ಲಿ ಅಜ್ಜ ಇದ್ದಾರೆ, ಅವರು ಸಂಜೆಯಾಗುವುದರೊಳಗೆ ಊಟ ಮುಗಿಸಿ ದೀಪ ಆರಿಸುವವರು. ಅಂತೂ ಮನೆ ಸಿಗಲೇಬೇಕಿತ್ತು. ಅಪ್ಪನಿಗೆ ಸಂಸಾರ ಒಂದಾಗಿ ಉಳಿಯಲಿಕ್ಕೆ, ನನಗೆ ಸಿನಿಮಾಕ್ಕೆ.

ಒಂದು ಭಾನುವಾರ ಅಪ್ಪ, ಅಮ್ಮ, ನಾನು, ಎರಡು ವರ್ಷದ ತಂಗಿ ಪುಟ್ಟಿ, ರೈಲು ಹತ್ತಿ ತಿರುವನಂತಪುರಕ್ಕೆ ಮನೆ ನೋಡಲು ಹೋದೆವು. ದಲ್ಲಾಳಿ ತೋರಿಸಿದ ಒಂದು ಮನೆಯಲ್ಲಿ ಬಾವಿ ಇತ್ತು, ನೀರಿರಲಿಲ್ಲ. ಮತ್ತೊಂದರಲ್ಲಿ ನೀರಿತ್ತು, ಆದರೆ ಅದು ಮಾಡಿನ ಹೆಂಚಿನ ಸಂದಿನಿಂದ ಬರುತ್ತಿತ್ತು. ಕೊನೆಯದರಲ್ಲಿ ಎಲ್ಲವೂ ಇತ್ತು, ಮಾಲೀಕರ ಮಾವನೂ ಇದ್ದರು. ಅವರು ಜಗಲಿ ಬಿಟ್ಟು ಏಳುವುದಿಲ್ಲವಂತೆ. ದಲ್ಲಾಳಿ "ಇನ್ನು ಬೇರೆ ಇಲ್ಲ ಸಾರೇ" ಎಂದು ಊಟಕ್ಕೆ ನಡೆದುಬಿಟ್ಟ. ಅಮ್ಮ ಸೆರಗಿನಿಂದ ಮುಖ ಒರೆಸಿಕೊಂಡು, "ಆಯ್ತಲ್ಲ, ಇನ್ನು ಕಾಸರಗೋಡಿನ ಟಿಕೇಟು ನೋಡಿ" ಎಂದಳು. ಅಪ್ಪ ರಸ್ತೆಯ ಆಚೆ ನೋಡಿದರು. ನಾನೂ ನೋಡಿದೆ. ಆಚೆ ಮೈದಾನ. ಮೈದಾನದ ಸುತ್ತ ಹಗ್ಗ. ಹಗ್ಗದೊಳಗೆ ಬಿಸಿಲಿಗೆ ಹೊಳೆಯುತ್ತಾ ನಿಂತಿದ್ದ, ಬಸ್ಸಿಗೂ ಬಂಗಲೆಗೂ ಮದುವೆಯಾಗಿ ಹುಟ್ಟಿದಂಥ ಬೆಳ್ಳಿ ಬಣ್ಣದ ಗಾಡಿಗಳು. ಟೀ ತೋಟದ ಸಾಹೇಬರಿಗೂ ರಾಜಮನೆತನದವರಿಗೂ ಮಾರಲೆಂದು ಹೊರದೇಶದ ಯಾವುದೋ ಕಂಪನಿಯವರು ತಂದಿದ್ದರು. ನೋಡುವುದಕ್ಕೆ ಯಾರು ಬೇಕಾದರೂ ಬರಬಹುದಿತ್ತು.

"ಅಪ್ಪಾ, ಅದೂ ಮನೆಯೇ ಅಲ್ವಾ?" ಎಂದೆ.

"ಎಂತ ಮನೆ ಮಾರಾಯ? ಅದು ಲಾರಿ."

"ಅಡುಗೆಮನೆ ಉಂಟಂತೆ. ಅಮ್ಮನ ಕಾಲು ನೋಯ್ತಾ ಉಂಟು. ಒಳಗೆ ಕೂತ್ಕೊಳ್ಳಿಕ್ಕೆ ಮೆತ್ತೆ ಕೂಡ ಉಂಟು."

ಮೆತ್ತೆಯ ಮಾತು ಅಮ್ಮನಿಗೆ ನಾಟಿತು. ಪುಟ್ಟಿಯೂ ಹಾಲಿಗೆ ರಚ್ಚೆ ಹಿಡಿದಿದ್ದಳು. ಅವಳ ಹಾಲು ಪಾತ್ರೆಯಲ್ಲಿ ತಣ್ಣಗಾಗಿತ್ತು. ಹೋಗಿ ಸಾಲಿನಲ್ಲಿ ನಿಂತೆವು.

ನಮ್ಮ ಸರದಿ ಬಂದಾಗ ಅಮ್ಮ ಮೆಟ್ಟಿಲ ಬಳಿ ಚಪ್ಪಲಿ ಬಿಟ್ಟಳು. ಮನೆಯೆಂದ ಮೇಲೆ ಚಪ್ಪಲಿ ಹಾಕಿ ಒಳಗೆ ಹೋಗುವುದುಂಟೇ? ಹಿಂದೆ ನಿಂತವರು ಅದನ್ನು ನೋಡಿ, ಇಲ್ಲಿಯ ನಿಯಮವೇ ಹಾಗೆಂದು ತಾವೂ ಬಿಟ್ಟರು. ಕ್ಷಣದಲ್ಲಿ ಆ ಗಾಡಿಯ ಮುಂದೆ ದೇವಸ್ಥಾನದ ಮುಂದಿನಷ್ಟು ಚಪ್ಪಲಿ ರಾಶಿಬಿತ್ತು. ಒಳಗೆ ಟೈ ಕಟ್ಟಿದ ಒಬ್ಬ ಏಜೆಂಟ್ ಬೆವರುತ್ತಾ ನಿಂತಿದ್ದ. "ವರೂ, ವರೂ, ಸ್ವಂತಂ ವೀಡು ಪೋಲೆ" ಎಂದು ಕರೆದ. ಸ್ವಂತ ಮನೆಯೆಂದೇ ತಿಳಿದುಕೊಳ್ಳಿ ಎಂದು ನಾನು ಅಮ್ಮನಿಗೆ ಹೇಳಿದೆ. ಆಮೇಲೆ ನಡೆದದ್ದಕ್ಕೆಲ್ಲ ಈ ಮಾತೇ ಕಾರಣ, ಆದ್ದರಿಂದ ಏಜೆಂಟ್ ಯಾರ ಮೇಲೂ ದೂರು ಹೇಳುವಂತಿಲ್ಲ.

ಒಳಗಿನ ವೈಭವವನ್ನು ನಾನು ಸ್ವಲ್ಪ ಕಡಿಮೆ ಮಾಡಿಯೇ ಹೇಳುತ್ತೇನೆ, ಇಲ್ಲವಾದರೆ ನೀವು ನಂಬುವುದಿಲ್ಲ. ಮೇಜನ್ನು ಎಳೆದರೆ ಮಂಚ, ಮಂಚವನ್ನು ಮಡಿಸಿದರೆ ಕಪಾಟು, ಕಪಾಟನ್ನು ತೆರೆದರೆ ಕೈ ತೊಳೆಯುವ ಬೋಗುಣಿ. ಆ ಮನೆಯಲ್ಲಿ ಒಬ್ಬ ಮಲಗಿದರೆ ಉಳಿದವರು ಉಪವಾಸ. ಅಪ್ಪ ಮೇಜಿನ ಪಕ್ಕದ ಮೆತ್ತೆಯಲ್ಲಿ ಮೆಲ್ಲಗೆ ಕೂತು, ಕೊಳ್ಳುವವರ ಮುಖ ಮಾಡಿ, ಇಂಗ್ಲಿಷಿನಲ್ಲಿ "ವೆರಿ ನೈಸ್" ಎಂದರು. ಅಮ್ಮ ಸೀದಾ ಒಲೆಯ ಹತ್ತಿರ ಹೋದಳು.

"ಬಾಗಿಲು ಯಾವ ದಿಕ್ಕಿಗೆ ಅಂತ ಕೇಳು ಮಗಾ."

ಕೇಳಿದೆ. ಏಜೆಂಟ್ ಹೆಮ್ಮೆಯಿಂದ, ನಿಮಗೆ ಯಾವ ದಿಕ್ಕು ಬೇಕೋ ಆ ದಿಕ್ಕಿಗೆ ಎಂದ. ಅಮ್ಮ ಬೆಚ್ಚಿಬಿದ್ದಳು.

"ಎಂತ ಹೇಳ್ತಾನೆ ಇವ? ಬೆಳಿಗ್ಗೆ ಪೂರ್ವಕ್ಕೆ, ಸಂಜೆ ತೆಂಕಕ್ಕೆ? ಅಂಥ ಮನೆಯಲ್ಲಿ ದೇವರು ಎಲ್ಲಿ ಕೂತ್ಕೊಳ್ಳುದು?"

ಇದನ್ನು ನಾನು ಅನುವಾದ ಮಾಡಲಿಲ್ಲ. ಏಜೆಂಟ್ ಅಷ್ಟರಲ್ಲಿ ಒಂದು ಗುಬುಟು ತಿರುಗಿಸಿ, ಕಡ್ಡಿ ಗೀರಿ, ಗ್ಯಾಸಿನ ಒಲೆ ಹೊತ್ತಿಸಿ ತೋರಿಸಿದ. ಸೌದೆಯಿಲ್ಲ, ಹೊಗೆಯಿಲ್ಲ, ನೀಲಿ ಬೆಂಕಿ. ಪುಟ್ಟಿ ಮತ್ತೆ ಹಾಲಿಗೆ ಅತ್ತಳು. "ಇಲ್ಲೇ ಬಿಸಿ ಮಾಡಿ ನೋಡಿ, ಎಷ್ಟು ಬೇಗ ಆಗುತ್ತದೆ" ಎಂದು ಅವನೇ ಹೇಳಿದ. ಅಮ್ಮ ಹಾಲಿನ ಪಾತ್ರೆಯನ್ನು ಒಲೆಯ ಮೇಲಿಟ್ಟು, ಸುಮ್ಮನೆ ಕೇಳುವಂತೆ ಕೇಳಿದಳು, "ಈ ಒಲೆಯಲ್ಲಿ ಮೊದಲು ಎಂತಾದ್ರೂ ಬೇಯಿಸಿದ್ದಾರಾ?"

"ಏನೂ ಇಲ್ಲ. ಅಚ್ಚ ಹೊಸದು" ಎಂದ ಏಜೆಂಟ್. ಪಾಪ, ಹಳೆಯದು ಅಂದುಬಿಡಬಾರದಿತ್ತೇ?

ಹಾಲು ಬೆಚ್ಚಗಾಯಿತು. ಅಮ್ಮ ತೆಗೆಯಲಿಲ್ಲ. ಕುದಿಯತೊಡಗಿತು. ತೆಗೆಯಲಿಲ್ಲ. ಏಜೆಂಟ್ ಗುಬುಟಿಗೆ ಕೈ ಹಾಕಿದ. ಅಮ್ಮ ಆ ಕೈಯನ್ನು ಸೊಳ್ಳೆ ಓಡಿಸುವಂತೆ ಓಡಿಸಿದಳು.

"ಹೊಸ ಒಲೆಯಲ್ಲಿ ಮೊದಲ ಹಾಲು ಉಕ್ಕದೆ ಇಳಿಸ್ಲಿಕ್ಕೆ ಉಂಟಾ? ಹೇಳು ಅವನಿಗೆ. ಯಾರ ಮನೆಯಾದ್ರೆ ಏನು?"

ಅಪ್ಪ, "ಲಕ್ಷ್ಮೀ, ಇದು ಎಕ್ಸಿಬಿಷನ್" ಎಂದರು. ಅಮ್ಮನ ಕಣ್ಣು ಹಾಲಿನ ಮೇಲೆ. ಹಾಲು ಪಾತ್ರೆಯಲ್ಲಿ ಒಂದು ಬದಿಗೆ ವಾಲಿ ನಿಂತಿತ್ತು. ಮೈದಾನ ಆ ಕಡೆಗೆ ಇಳಿಜಾರು. "ಅಯ್ಯೋ, ಪಡುವಣಕ್ಕೆ ಉಕ್ತದೆ. ಪೂರ್ವಕ್ಕೆ ಉಕ್ಕಬೇಕು. ಆ ಕಡೆಯಿಂದ ಒಂಚೂರು ಎತ್ತಲಿಕ್ಕೆ ಹೇಳು ಮಗಾ, ಬೇಗ."

ಇಂಥ ಅವಕಾಶ ನನ್ನ ಬಾಳಿನಲ್ಲಿ ಮತ್ತೆ ಬರಲಾರದು. ನಾನು ಬಾಗಿಲಲ್ಲಿ ನಿಂತು, ಮಂತ್ರಿಗಳ ಹಾಗೆ ಕೈಯೆತ್ತಿ, ಪಶ್ಚಿಮದ ಬದಿಯವರೆಲ್ಲ ದಯವಿಟ್ಟು ಗಾಡಿಯನ್ನು ಸ್ವಲ್ಪ ಎತ್ತಬೇಕೆಂದು ಮಲಯಾಳಂನಲ್ಲಿ ಕರೆಕೊಟ್ಟೆ. ಯಾಕೆಂದು ಒಬ್ಬರೂ ಕೇಳಲಿಲ್ಲ. ನಮ್ಮ ಬಸ್ಸುಗಳಲ್ಲಿ ಓಡಾಡುವವರಿಗೆ ಗಾಡಿ ತಳ್ಳುವುದು ಟಿಕೇಟಿನ ಜೊತೆ ಬರುವ ಕೆಲಸ. ಮುಂಡು ಎತ್ತಿ ಕಟ್ಟಿ, "ಐಲಸಾ" ಎಂದು ಹೆಗಲು ಕೊಟ್ಟರು. ಗಾಡಿ ಎದ್ದಿತು. ಕಪಾಟು ತೆರೆದುಕೊಂಡಿತು, ತಟ್ಟೆಗಳು ಉರುಳಿದವು, ಅಪ್ಪ ಹಿಡಿದುಕೊಂಡಿದ್ದ ಮೇಜು ಮಂಚವಾಯಿತು, ಅಪ್ಪ ಅದರ ಮೇಲೆ ಯಾವ ವಿರೋಧವೂ ಇಲ್ಲದೆ ಮಲಗಿಕೊಂಡರು. ಹಾಲು ಸರಿಯಾಗಿ ಪೂರ್ವಕ್ಕೆ ಉಕ್ಕಿ, ಒಲೆ ದಾಟಿ, ಏಜೆಂಟನ ಟೈ ನೆನೆಸಿ, ಮೆಟ್ಟಿಲಿಳಿದು ಚಪ್ಪಲಿಗಳವರೆಗೆ ಹೋಯಿತು. ಅಷ್ಟು ಚಿಕ್ಕ ಪಾತ್ರೆಯಲ್ಲಿ ಅಷ್ಟು ಹಾಲು ಎಲ್ಲಿತ್ತೆಂದು ನನ್ನನ್ನು ಕೇಳಬೇಡಿ. ಅದೇ ಹೊತ್ತಿಗೆ ಹೊರಗಿನ ಸಾಲಿನಿಂದ ಒಬ್ಬ ಹೆಂಗಸು ನಾಲಿಗೆ ಹೊರಳಿಸಿ "ಉಲುಲುಲು" ಎಂದು ಕುರವೆ ಹಾಕಿದರು, ಮದುವೆಮನೆಯಲ್ಲಿ ಹಾಕುವ ಹಾಗೆ. ಕಂಪನಿಯ ಬಿಳಿಯ ಯಜಮಾನ ಓಡಿಬಂದ. ಏಜೆಂಟ್ ಟೈ ಹಿಂಡುತ್ತಾ ಇದು ಇಲ್ಲಿಯ ಪ್ರಾರಂಭೋತ್ಸವ ಎಂದ. ಯಜಮಾನನಿಗೆ ಸಂತೋಷವಾಗಿ, ಉಳಿದ ಗಾಡಿಗಳಿಗೂ ಮಾಡಿಕೊಡಬಹುದೇ ಎಂದು ಅಪ್ಪನನ್ನು ಕೇಳಿದ. ಅಪ್ಪ ಮಲಗಿದಲ್ಲಿಂದಲೇ "ನೋ ಮಿಲ್ಕ್" ಎಂದರು.

ಕೆಳಗಿಳಿದಾಗ ಕುರವೆ ಹಾಕಿದ ಹೆಂಗಸು ದಾರಿಗೆ ಅಡ್ಡ ನಿಂತಿದ್ದರು. ಬಿಳಿ ಸೀರೆ, ದಪ್ಪ ಕನ್ನಡಕ, ಕೈಯಲ್ಲಿ ಮಡಿಸಿದ ಕೊಡೆ. ಹೆಸರು ಭಾರ್ಗವಿಯಮ್ಮ. ಕೊಡೆಯಿಂದ ಗಾಡಿಯನ್ನು ತೋರಿಸಿ, ಇದನ್ನು ನೀವು ಕೊಂಡಿರಾ ಎಂದು ಕೇಳಿದರು. ಇಲ್ಲವೆಂದೆ. ಮತ್ತೆ ಹಾಲು ಯಾಕೆ ಉಕ್ಕಿಸಿದ್ದು ಎಂದರು. ನಾನು ಅಮ್ಮನ ಕಡೆ ತಿರುಗಿದೆ.

"ನಾಳೆ ಯಾರಾದ್ರೂ ಇದ್ರಲ್ಲಿ ಸಂಸಾರ ಮಾಡ್ಬೇಕಲ್ಲ" ಎಂದಳು ಅಮ್ಮ. "ಅವ್ರಿಗೆ ಒಳ್ಳೇದಾಗ್ಲಿ ಅಂತ. ನಮಗೆ ಹೇಗೂ ಮನೆ ಸಿಗ್ಲಿಲ್ಲ."

ಇದನ್ನು ಇದ್ದದ್ದು ಇದ್ದ ಹಾಗೆ ಮಲಯಾಳಂನಲ್ಲಿ ಹೇಳಿದೆ. ನನ್ನಿಂದ ಸೇರಿಸಲು ಏನೂ ಇಲ್ಲದ ಮಾತು ಅದೊಂದೇ. ಭಾರ್ಗವಿಯಮ್ಮ ಕೊಡೆಯನ್ನು ಕಂಕುಳಿಗೆ ಸಿಕ್ಕಿಸಿಕೊಂಡರು. ಆಮೇಲೆ, ನನ್ನ ಮನೆಯ ಅರ್ಧ ಭಾಗ ಖಾಲಿ ಇದೆ, ಬಾವಿ ಇದೆ, ಒಲೆ ಪೂರ್ವಕ್ಕಿದೆ, ಕೇಳಿಬಂದವರನ್ನೆಲ್ಲ ವಾಪಸು ಕಳುಹಿಸಿದ್ದೇನೆ, ಅವರಲ್ಲಿ ಒಬ್ಬರೂ ಒಲೆಯ ವಿಷಯ ಕೇಳಿದವರಲ್ಲ ಎಂದರು. ಅಪ್ಪನ ಮುಖ ಅರಳಿತು. ಅಷ್ಟರಲ್ಲಿ ಅವರು ತಡೆದರು. "ಆದರೆ ನಿನ್ನ ಅಮ್ಮನಿಗೆ ಮಲಯಾಳಂ ಬರುವುದಿಲ್ಲ, ನನಗೆ ಬೇರೆ ಭಾಷೆ ಬರುವುದಿಲ್ಲ. ಗೋಡೆಯ ಆಚೆಗೊಂದು ಮೂಕಿ, ಈಚೆಗೊಂದು ಮೂಕಿ. ಅದು ಹೇಗಾದೀತು?"

ಅಪ್ಪ ತಮ್ಮ ಒಂದನೇ ಕ್ಲಾಸಿನ ಮಲಯಾಳಂ ತೆಗೆದು, ನಡುವೆಯೇ ಸಿಕ್ಕಿಹಾಕಿಕೊಂಡರು. ಅಮ್ಮ ಆಗಲೇ ಪಾತ್ರೆಯ ಮುಚ್ಚಳ ಹಾಕಿ, ಪುಟ್ಟಿಯನ್ನು ಸೊಂಟಕ್ಕೇರಿಸಿದ್ದಳು. ಕಾಸರಗೋಡಿನ ರೈಲು ಕೂಗಿದ್ದು ನನಗೆ ಅಲ್ಲಿಂದಲೇ ಕೇಳಿಸಿತು.

ನಾನು ಮುಂದೆ ಬಂದೆ. "ನಾನಿದ್ದೇನಲ್ಲ ಅಮ್ಮೇ. ಮಲಯಾಳಂನಲ್ಲಿ ಕ್ಲಾಸಿಗೇ ಫಸ್ಟ್. ಓದುವುದು, ಬರೆಯುವುದು, ಪದ್ಯ ಎಲ್ಲ. ಸಂಶಯ ಬಂದರೆ ಮೇಷ್ಟ್ರು ನನ್ನನ್ನೇ ಕೇಳುವುದು."

ಅಪ್ಪನಿಗೆ ಕೆಮ್ಮು ಬಂತು. ಭಾರ್ಗವಿಯಮ್ಮ ಕನ್ನಡಕದ ಮೇಲಿನಿಂದ ನನ್ನನ್ನು ನೋಡಿ, "ಹೌದೋ ಮೋನೇ?" ಎಂದು ಮಗನನ್ನು ಕರೆಯುವ ಹಾಗೆ ಕೇಳಿದರು. ಆ ಮುಖದಲ್ಲಿ ಎಷ್ಟೋ ಕಾಲ ಕಾದು ಕೂತವರಿಗೆ ಬಸ್ಸು ಬಂದಾಗ ಕಾಣುವಂಥ ಬೆಳಕು. ನಮ್ಮನ್ನು ಅಲ್ಲಿಂದಲೇ ಮನೆಗೆ ಕರೆದುಕೊಂಡು ಹೋದರು. ಅಮ್ಮ ಬಾವಿಗೆ ಇಣುಕಿದಳು, ಒಲೆಯ ಮುಂದೆ ನಿಂತು ಪೂರ್ವ ನೋಡಿದಳು, "ಇದಾಗ್ತದೆ" ಎಂದಳು. ಅಪ್ಪ ಜಗಲಿಯಲ್ಲಿ ಕೂತು ಕನ್ನಡಕ ಎಲ್ಲಿ ಎಂದು ಕೇಳಿದರು.

ಹೀಗಾಗಿ ಪ್ರದರ್ಶನ ಸಾರ್ಥಕವೇ ಎಂದು ನೀವು ಅಪ್ಪ, ಅಮ್ಮ ಇಬ್ಬರನ್ನೂ ಕೇಳಿದರೆ ಹೌದೆನ್ನುತ್ತಾರೆ. ನನ್ನ ಅಭಿಪ್ರಾಯ ಸ್ವಲ್ಪ ಬೇರೆ: ನೋಡಲು ಹೋಗಬಹುದು, ಬಾಯಿ ಮುಚ್ಚಿಕೊಂಡು ನೋಡಬೇಕು. ಭಾರ್ಗವಿಯಮ್ಮ ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಬಾಳಿಡೀ ಮಲಯಾಳಂ ಕಲಿಸಿ ನಿವೃತ್ತರಾದ ಟೀಚರ್. ಪಾಠ ಹೇಳಲು ಯಾರೂ ಇಲ್ಲದೆ ಕೈ ಕಟ್ಟಿಹೋಗಿತ್ತಂತೆ. ನಾವು ಗೃಹಪ್ರವೇಶ ಮಾಡಿದ ಮರುದಿನ, ಕೋಳಿ ಇನ್ನೂ ಯೋಚನೆ ಮಾಡುತ್ತಿರುವಾಗಲೇ, ಗೋಡೆಯ ಮೇಲೆ ಕೊಡೆಯ ಹಿಡಿ ಬಡಿದ ಸದ್ದು ಕೇಳಿತು. ನನ್ನಿಂದ ಮೊದಲ ಸಾಲು ಓದಿಸಿ ಕೇಳಿದ ಮೇಲೆ ಅವರು ಹೇಳಿದ್ದು ಒಂದೇ ಮಾತು: "ನಿನ್ನ ಕ್ಲಾಸಿನಲ್ಲಿ ಬೇರೆ ಮಕ್ಕಳು ಇರಲಿಲ್ಲವೋ ಮೋನೇ?" ಅಂದಿನಿಂದ ಒಂದು ದಿನ ತಪ್ಪಿಲ್ಲ. ಸಿನಿಮಾ ಟಾಕೀಸು ನಮ್ಮ ಬೀದಿಯ ಕೊನೆಯಲ್ಲೇ ಇದೆಯೆಂದು ಹೇಳುತ್ತಾರೆ, ನಾನಿನ್ನೂ ನೋಡಿಲ್ಲ.

ಈಗ ಇದನ್ನು ಬರೆಯುತ್ತಾ ಕೂತಿರುವಾಗ ಟೀಚರ್ ಜಗಲಿಗೆ ಬಂದರು. ಏನು ಬರೆಯುತ್ತೀ ಎಂದರು. ಕನ್ನಡದಲ್ಲಿ ಪ್ರಬಂಧ, ನಾವು ಚಕ್ರದ ಮನೆ ನೋಡಿದ ಕಥೆ ಎಂದು ಸ್ವಲ್ಪ ಗತ್ತಿನಿಂದಲೇ ಹೇಳಿದೆ. ಅವರಿಗೆ ಬಹಳ ಸಂತೋಷವಾಯಿತು. ಮುಗಿಸು, ನಾಳೆ ಬೆಳಿಗ್ಗೆಯೊಳಗೆ ಇಷ್ಟನ್ನೂ ಮಲಯಾಳಂನಲ್ಲಿ ಬರೆದು ತೋರಿಸು ಎಂದರು. ಹೇಳಬೇಕಾದ್ದು ನನಗೆ ಇನ್ನೂ ಬೇಕಾದಷ್ಟಿತ್ತು. ಆದರೆ ಇನ್ನು ಮೇಲೆ ಬರೆಯುವ ಒಂದೊಂದು ಸಾಲಿಗೂ ಬೆಳಗಾಗುವುದರೊಳಗೆ ಮಲಯಾಳಂನಲ್ಲಿ ನಾನೇ ಉತ್ತರ ಹೇಳಬೇಕಾದ್ದರಿಂದ, ಇಲ್ಲಿಗೇ ನಿಲ್ಲಿಸಿದ್ದೇನೆ.