ಗಿರಣಿಯ ಎಂಜಿನ್ನಿಗೊಂದು ರೇಟು

ನಾನು ಅನುಮಾನದ ಪ್ರಾಣಿ. ನಾಚಿಕೆಯಿಂದ ಹೇಳುತ್ತಿರುವ ಮಾತಲ್ಲ ಇದು. ನನಗೆ ಈವರೆಗೆ ಸಿಕ್ಕಿರುವ ಅಷ್ಟೋ ಇಷ್ಟೋ ಮರ್ಯಾದೆ ಈ ಗುಣದಿಂದಲೇ ಸಿಕ್ಕಿದ್ದು. ನಿಜಲಿಂಗಪ್ಪ ಬಡಾವಣೆಯ ನಮ್ಮ ರಸ್ತೆಯಲ್ಲಿ ಯಾರೇ ಹಳೇ ಬೈಕೋ ಹಳೇ ಫ್ರಿಜ್ಜೋ ಕೊಳ್ಳಲು ಹೊರಟರೆ, ಅವರನ್ನ ಜೊತೆಗೆ ಕರ್ಕೊಂಡು ಹೋಗ್ರಿ, ತಮ್ಮ ನೆರಳನ್ನೂ ನಂಬೋ ಪೈಕಿ ಅಲ್ಲ ಅವರು ಎಂದು ನನ್ನ ಮನೆ ತೋರಿಸುತ್ತಾರೆ. ಫ್ರಿಜ್ಜಿನ ಬಗ್ಗೆ ನನಗೆ ಏನೂ ಗೊತ್ತಿಲ್ಲ. ಗೊತ್ತಿರಬೇಕಾಗಿಯೂ ಇಲ್ಲ. ವಸ್ತುವಿನ ಸುತ್ತ ಒಂದು ಪ್ರದಕ್ಷಿಣೆ ಹಾಕಿ, ಅಲ್ಲಲ್ಲಿ ಬೆರಳಿನಿಂದ ಬಡಿದು, ಮಾರುವವನ ಮುಖವನ್ನೇ ದಿಟ್ಟಿಸಿ “ಹ್ಞೂಂ” ಅಂದರೆ ಅರ್ಧ ಕೆಲಸ ಮುಗಿಯಿತು. ಅವನು ರೇಟು ಹೇಳಿದ ಕೂಡಲೇ “ಜಾಸ್ತಿ ಆತು” ಅಂದರೆ ಉಳಿದರ್ಧ. ಹೆಣ್ಣು ನೋಡಲು ಹೋದಾಗಲೂ ಉಪ್ಪಿಟ್ಟು ಇಷ್ಟು ಚೆನ್ನಾಗಿರುವುದು ಯಾಕೆ ಎಂದು ಅನುಮಾನ ಪಟ್ಟು, ಅದನ್ನು ಮಾಡಿದವಳು ಅವಳ ಅತ್ತಿಗೆ ಎಂದು ಪತ್ತೆ ಹಚ್ಚಿದ್ದೆ. ಮದುವೆಯಾದ ಮೇಲೆ ಅದು ಖಾತ್ರಿಯೂ ಆಯಿತು.

ಆದರೆ ಸ್ಪೋರ್ಟ್ಸ್ ಕಾರಿನ ಎಂಜಿನ್ನಿನ ತನಕ ನನ್ನ ಕೀರ್ತಿ ಹೋಗಬಹುದು ಎಂದು ನಾನು ಕನಸಿನಲ್ಲೂ ಎಣಿಸಿರಲಿಲ್ಲ. ಅದಕ್ಕೆ ಕಾರಣ ನನ್ನ ತಂಗಿಯ ಗಂಡ ಬಸವರಾಜ. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಜಾತಿಯ ಮನುಷ್ಯ. ಯಾವುದೋ ಕಾಲದಲ್ಲಿ ದಾವಣಗೆರೆಯ ಹತ್ತಿ ಮಿಲ್ಲಿನ ಸಾಹುಕಾರರೊಬ್ಬರು ಶೋಕಿಗೆ ತರಿಸಿದ್ದರು ಎನ್ನಲಾದ, ಇಬ್ಬರೇ ಕೂರುವ, ಮೇಲೆ ಸೂರಿಲ್ಲದ ಒಂದು ವಿದೇಶಿ ಕಾರನ್ನು ಅವನು ತಂದು ಎಸ್.ಎಸ್. ಬಡಾವಣೆಯ ಮನೆಯ ಶೆಡ್ಡಿನಲ್ಲಿ ನಿಲ್ಲಿಸಿಕೊಂಡಿದ್ದ. ಚಕ್ರ ಇತ್ತು, ಸ್ಟೇರಿಂಗ್ ಇತ್ತು, ಹಾರ್ನು ಕೂಡ ಇತ್ತು. ಎಂಜಿನ್ ಮಾತ್ರ ಇರಲಿಲ್ಲ. ಭಾನುವಾರ ಬಂತೆಂದರೆ ಅದರೊಳಗೆ ಕೂತು ಸ್ಟೇರಿಂಗ್ ತಿರುಗಿಸುತ್ತಿದ್ದ. ಅವನ ಆ ಸುಖ ನೋಡಿದರೆ ಎಂಜಿನ್ ಬೇಕಾಗಿಯೇ ಇಲ್ಲವೇನೋ ಅನ್ನಿಸುತ್ತಿತ್ತು.

ತಂಗಿ ಸುಮಿತ್ರಾಗೆ ಹಾಗೆ ಅನ್ನಿಸಲಿಲ್ಲ. ಅವಳು ಜೋಳದ ರೊಟ್ಟಿ ಮಾಡಿ ಊರಿನ ಖಾನಾವಳಿಗಳಿಗೆಲ್ಲ ಕಳಿಸುತ್ತಾಳೆ. ಅಡುಗೆಮನೆ ಸಾಲದೆ ರೊಟ್ಟಿ ಮಷೀನಿಗೆ ಮುಂಗಡ ಕೊಟ್ಟಿದ್ದಳು, ಅದನ್ನು ಇಡಲು ಶೆಡ್ಡು ಬೇಕಾಗಿತ್ತು. ಬರೋ ಭಾನುವಾರದೊಳಗೆ ಈ ಡಬ್ಬಕ್ಕೆ ಎಂಜಿನ್ ಸಿಕ್ಕರೆ ಸರಿ, ಇಲ್ಲದಿದ್ದರೆ ಸೋಮವಾರ ಬೆಳಿಗ್ಗೆ ಗುಜರಿಯವನು ಬಂದು ತೂಕಕ್ಕೆ ಹಾಕಿಕೊಂಡು ಹೋಗ್ತಾನೆ ಎಂದು ಹೇಳಿಬಿಟ್ಟಳು. ಅವಳು ಹೇಳಿದಳು ಅಂದರೆ ಮುಗಿಯಿತು. ಬಸವರಾಜ ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. ಶನಿವಾರ ಸಂಜೆ ಓಡೋಡಿ ಬಂದ. ಹರಿಹರದಲ್ಲಿ ಒಂದು ಖಾರದಪುಡಿ ಗಿರಣಿಯ ಹಿತ್ತಲಲ್ಲಿ ಅದೇ ಕಂಪನಿಯ, ಅದೇ ನಮೂನೆಯ ಎಂಜಿನ್ ಬಿದ್ದಿದೆಯಂತೆ. ಕರೆಂಟಿನ ಮೋಟರು ಬರುವ ಮುಂಚೆ ಗಿರಣಿ ಅದರ ಮೇಲೆಯೇ ಓಡುತ್ತಿತ್ತಂತೆ. ರೇಸಿನಲ್ಲಿ ಓಡಬೇಕಾದ ಎಂಜಿನ್ನು ಬ್ಯಾಡಗಿ ಮೆಣಸಿನಕಾಯಿ ಪುಡಿ ಮಾಡುತ್ತಿತ್ತು ಎಂದು ಕೇಳಿದಾಗಲೇ ನನ್ನ ಅನುಮಾನದ ಗಂಟೆ ಹೊಡೆಯಿತು.

ರಾತ್ರಿ ಇಂಟರ್ನೆಟ್ಟಿನಲ್ಲಿ ನೋಡಿದೆ. ಅಂಥದೇ ಎಂಜಿನ್ನಿಗೆ ಇಂಗ್ಲೆಂಡಿನಲ್ಲಿ ಯಾರೋ ಹೇಳಿದ್ದ ಬೆಲೆಯನ್ನು ರೂಪಾಯಿಗೆ ತಿರುಗಿಸಿದರೆ ನಮ್ಮ ಓಣಿಯಲ್ಲಿ ಅರ್ಧ ಸೈಟು ಬರುತ್ತಿತ್ತು. ಗುಜರಿಯವನನ್ನು ಕೇಳಿದರೆ ಕಬ್ಬಿಣದ ತೂಕಕ್ಕೆ ಅವನು ಹೇಳಿದ ಬೆಲೆಯಲ್ಲಿ ಒಂದು ಒಳ್ಳೆಯ ಮಿಕ್ಸಿಯೂ ಬರುತ್ತಿರಲಿಲ್ಲ. ನ್ಯಾಯವಾದ ಬೆಲೆ ಇವೆರಡರ ನಡುವೆ ಎಲ್ಲೋ ಇರಬೇಕು. ಆದರೆ ಆ ನಡುವೆ ಅಂದರೆ ಹರಿಹರದಿಂದ ಲಂಡನ್ನಿನಷ್ಟು ದೂರ. ಚಿಂತೆಯೇನೂ ಆಗಲಿಲ್ಲ ಬಿಡಿ. ರೇಟು ಹೇಳುವುದು ಅವರ ಕರ್ಮ, ಜಾಸ್ತಿ ಆತು ಅನ್ನುವುದು ನನ್ನ ಧರ್ಮ ಎಂದುಕೊಂಡು ಮಲಗಿದೆ.

ಭಾನುವಾರ ಸ್ಕೂಟರಿನಲ್ಲಿ ಹೋಗುವಾಗ ಬಸವರಾಜನಿಗೆ ದಾರಿಯುದ್ದಕ್ಕೂ ಪಾಠ ಹೇಳಿದೆ. ಎಂಜಿನ್ ನೋಡಿದ ಕೂಡಲೇ ಹಲ್ಲು ಕಿಸಿಯಬೇಡ, ಹೊಗಳಬೇಡ, ಸಾಧ್ಯವಾದರೆ ಮೂಗು ಮುರಿ ಎಂದೆ. ಆಗಲಿ ಎಂದ. ಗಿರಣಿಯ ಮಾಲೀಕರು ಗಫಾರ್ ಸಾಬ್ ಎಂಬ ಹಿರಿಯರು. “ಬರ್ರಿ, ಕೂಡ್ರಿ” ಎಂದು ಕುರ್ಚಿ ಹಾಕಿಸಿ, ಹಿತ್ತಲಲ್ಲಿ ಗೋಣಿಚೀಲ ಸರಿಸಿ ತೋರಿಸಿದರು. ಬಸವರಾಜ ಸೀದಾ ಹೋಗಿ, ಆಗ ತಾನೇ ಹುಟ್ಟಿದ ಕರುವಿನ ಮೈ ಸವರುವ ಹಾಗೆ ಎಂಜಿನ್ನಿನ ಮೈ ಸವರಿದ. ಎರಡೂ ಕಾರ್ಬುರೇಟರ್ ಹಾಗೇ ಅದಾವೆ ಭಾವ ಎಂದು ಕಣ್ಣಲ್ಲಿ ನೀರು ತಂದುಕೊಂಡ. ನಾನು ಅವನ ತೋಳನ್ನು ಬಲವಾಗಿ ಜಿಗುಟಿದೆ. ಅವನು ಕೈಯನ್ನು ಉಜ್ಜಿಕೊಂಡನೇ ಹೊರತು ನಗುವುದನ್ನು ನಿಲ್ಲಿಸಲಿಲ್ಲ.

ಇನ್ನು ನಾನೇ ಗತಿ. ಪ್ರದಕ್ಷಿಣೆ ಹಾಕಿದೆ. ಒಂದು ಕಡೆ ಬಣ್ಣ ಹೊಸದಾಗಿತ್ತು. ಬಿರುಕು ಮುಚ್ಚಲು ಬಳಿದದ್ದು ಎಂದುಕೊಂಡೆ. ಇನ್ನೊಂದು ಕಡೆ ಬಣ್ಣವೇ ಇರಲಿಲ್ಲ; ಅದೂ ಅನುಮಾನಕ್ಕೆ ಕಾರಣವಾಯಿತು. ಮೈಮೇಲೆ ಕೊರೆದಿದ್ದ ನಂಬರು ಸ್ಪಷ್ಟವಾಗಿತ್ತು, ಇಷ್ಟು ಸ್ಪಷ್ಟ ಯಾಕೆ ಎಂದು ಕೇಳಿದೆ. ಗಫಾರ್ ಸಾಬ್ ಒರೆಸಿದೀನ್ರಿ ಎಂದರು. ಆಯಿಲ್ ಕಡ್ಡಿ ಎಳೆದು ಮೂಸಿದೆ. ಖಾರದಪುಡಿಯ ಘಾಟಿಗೆ ನಾಲ್ಕು ಸಲ ಸೀನಿದೆ. ಸೀನಿನಿಂದ ಬಂದ ಕಣ್ಣೀರನ್ನು ನೋಡಿ ಗಫಾರ್ ಸಾಬ್, ಇವರಿಗೂ ಎಂಜಿನ್ ಭಾಳ ಹಿಡಿಸಿರಬೇಕು ಎಂದು ತಿಳಿದಿರಬಹುದು. ಕೊನೆಗೆ ಹ್ಞೂಂ ಎಂದು, ಎಷ್ಟು ಹೇಳ್ತೀರಿ ಎಂದು ಕೇಳಿದೆ.

ಅವರು ಚಹಾ ತರಿಸಿದರು. ಲೋಟ ನನ್ನ ಕೈಗೆ ಕೊಟ್ಟು ನಿಧಾನವಾಗಿ ಮಾತು ತೆಗೆದರು. ಅವರ ತಂದೆ ಎತ್ತಿನ ಸಂತೆಯಲ್ಲಿ ದಲ್ಲಾಳಿಯಾಗಿದ್ದರಂತೆ. ಮಾಲಿನ ಬೆಲೆ ಇಬ್ಬರಿಗೂ ಗೊತ್ತಿಲ್ಲದಾಗ ಅವರ ಮನೆಯಲ್ಲಿ ಒಂದು ಪದ್ಧತಿಯಂತೆ.

“ಕೊಡೋನು ಹೇಳಿದ್ರೆ ಆಸೆ, ತಗೊಳ್ಳೋನು ಹೇಳಿದ್ರೆ ಕಂಜೂಸಿ. ಅದಕ್ಕೆ ಜೊತೆಗೆ ಬಂದ ಮೂರನೇ ಮನುಷ್ಯ ಹೇಳಬೇಕ್ರಿ. ನೀವು ಒಂದು ಮಾತು ಹೇಳ್ರಿ. ನಾನು ಒಂದು ರೂಪಾಯಿ ಮ್ಯಾಲೆ ಕೇಳಂಗಿಲ್ಲ, ಇವರು ಒಂದು ರೂಪಾಯಿ ಇಳಿಸಂಗಿಲ್ಲ.”

ಬಸವರಾಜ ಕೂಡಲೇ ಒಪ್ಪಿದ. ಭಾವನ ಮಾತೇ ಕೊನೆ ಎಂದ.

ನಾನು ಚಹಾದ ಲೋಟ ಕೆಳಗಿಟ್ಟೆ. ಇಷ್ಟು ವರ್ಷ ಬೇರೆಯವರ ರೇಟು ಇಳಿಸಿದ್ದೇನೆಯೇ ಹೊರತು ನಾನಾಗಿ ಒಂದು ರೇಟು ಹೇಳಿದವನಲ್ಲ. ಇದರಲ್ಲಿ ಏನೋ ಮೋಸವಿದೆ ಎಂದು ಅವರ ಮುಖ ನೋಡಿದೆ. ಅಲ್ಲಿ ಮೋಸ ಕಾಣಲಿಲ್ಲ, ಅದು ಇನ್ನೂ ಹೆದರಿಕೆ ಹುಟ್ಟಿಸಿತು. ಕಡಿಮೆ ಹೇಳಿದರೆ ಕೂರಿಸಿ ಚಹಾ ಕೊಟ್ಟ ಹಿರಿಯರಿಗೆ ಟೋಪಿ ಹಾಕಿದ ಹಾಗೆ. ಹೆಚ್ಚು ಹೇಳಿದರೆ ತಂಗಿಯ ಸಂಸಾರಕ್ಕೆ ಕೊಳ್ಳಿ ಇಟ್ಟ ಹಾಗೆ. ಗೊತ್ತಿಲ್ಲ ಎಂದರೆ ನಾಳೆ ಬೆಳಿಗ್ಗೆ ಗುಜರಿಯವನ ತಕ್ಕಡಿ. ಬಾಯಿ ಬಿಟ್ಟರೆ ಬಣ್ಣಗೇಡು. ಒಬ್ಬ ಮನುಷ್ಯನನ್ನು ಪೂರ್ತಿ ನಂಬಿಬಿಡುವುದು ಎಂಥ ಕ್ರೂರ ಶಿಕ್ಷೆ ಎಂದು ನನಗೆ ಅವತ್ತು ತಿಳಿಯಿತು. ಇಬ್ಬರೂ ನನ್ನ ಬಾಯನ್ನೇ ನೋಡುತ್ತಿದ್ದರು.

“ಅರವತ್ತು ಸಾವಿರ” ಅಂದೆ. ಯಾಕೆ ಅರವತ್ತು, ಯಾವ ಲೆಕ್ಕ, ದೇವರಾಣೆ ನನಗೆ ಗೊತ್ತಿಲ್ಲ.

ಗಫಾರ್ ಸಾಬ್ “ಆತ್ರಿ” ಎಂದರು. ಒಂದು ಕ್ಷಣವೂ ತಡಮಾಡಲಿಲ್ಲ. ಮಾರುವವನು ಅಷ್ಟು ಬೇಗ ಒಪ್ಪಿದನೆಂದರೆ ಬೆಲೆ ಹೆಚ್ಚಾಯಿತು ಎಂದೇ ಅರ್ಥ. ಮೂವತ್ತಕ್ಕೂ ಕೊಡುತ್ತಿದ್ದರೇನೋ ಎಂದು ಮನಸ್ಸಿನಲ್ಲೇ ಲೆಕ್ಕ ಹಾಕತೊಡಗಿದೆ. ಬಸವರಾಜನ ನಗು ಅರ್ಧಕ್ಕೆ ನಿಂತಿತ್ತು. ಆದರೂ ಕೊಟ್ಟ ಮಾತಿಗೆ ತಪ್ಪಲಿಲ್ಲ, ಸಂಜೆಯೊಳಗೆ ಎಂಜಿನ್ ಕಳಿಸುವುದೆಂದು ತೀರ್ಮಾನವಾಯಿತು. ಹೊರಡುವಾಗ ಗಫಾರ್ ಸಾಬ್ ನನ್ನನ್ನೊಬ್ಬನನ್ನೇ ಪಕ್ಕಕ್ಕೆ ಕರೆದು, ಮೂರನೇ ಮನುಷ್ಯನನ್ನ ಬರಿಗೈಲಿ ಕಳಿಸಬಾರದ್ರಿ, ಅದೂ ಪದ್ಧತಿ ಎಂದು ಎರಡು ಕಿಲೋ ಖಾರದಪುಡಿಯ ಪೊಟ್ಟಣವನ್ನು ಬಗಲಿಗೆ ತುರುಕಿದರು. ಬೇಡ ಎಂದು ಕೊಸರಾಡಿದೆ. ಬಸವರಾಜ ಸ್ಕೂಟರಿನ ಹತ್ತಿರ ನಿಂತು ಅದನ್ನೆಲ್ಲ ನೋಡುತ್ತಿದ್ದ.

ವಾಪಸ್ ಬರುವಾಗ ಸ್ಕೂಟರ್ ಓಡಿಸುತ್ತಿದ್ದವನು ಅವನೇ. ಊರು ಹತ್ತಿರ ಬಂದ ಮೇಲೆ, ತಿರುಗದೆ, ಬಹಳ ಮರ್ಯಾದೆಯಿಂದ ಕೇಳಿದ:

“ಭಾವ, ಗಫಾರ್ ಸಾಬ್ರು ನಿಮಗೆ ಮೊದ್ಲೇ ಪರಿಚಯ ಏನ್ರಿ?”

ಇಲ್ಲ ಎಂದೆ. ಎರಡು ಸಲ ಇಲ್ಲ ಎಂದೆ. ಎರಡನೆಯ ಸಲ ಅಂದದ್ದು ತಪ್ಪಾಯಿತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ನನ್ನ ಕೈ ಬಗಲಿನ ಪೊಟ್ಟಣದ ಮೇಲೆ ಹೋಯಿತು, ಕನ್ನಡಿಯಲ್ಲಿ ಅವನು ಅದನ್ನೂ ಕಂಡ.

ಸೋಮವಾರ ಗುಜರಿಯವನು ಬರಿಗೈಲಿ ವಾಪಸ್ ಹೋದ. ಎಂಜಿನ್ ಶೆಡ್ಡು ಸೇರಿತು, ರೊಟ್ಟಿ ಮಷೀನು ನನ್ನ ಮನೆಯ ಪಡಸಾಲೆ ಸೇರಿತು. ರೇಟು ಹೇಳಿದವನೇ ಜಾಗವನ್ನೂ ಕೊಡಲಿ ಎಂದು ಸುಮಿತ್ರಾ ತೀರ್ಪು ಕೊಟ್ಟಳು. ಎಂಜಿನ್ ಸ್ಟಾರ್ಟ್ ಆಗುತ್ತದೆ, ಆದರೆ ಹೊಗೆಗೆ ಓಣಿಯವರೆಲ್ಲ ಸೀನುತ್ತಾರೆ. ಮೊನ್ನೆ ಗಂಡನ ಜೊತೆ ನಮ್ಮ ಮನೆಗೆ ಬಂದಿದ್ದ ತಂಗಿ ಆ ಖಾರದಪುಡಿಯನ್ನು ಅಂಗೈ ಮೇಲೆ ಹಾಕಿ ನೋಡಿ, ಎಷ್ಟು ಕೆಂಪಗಿದೆ, ಇಷ್ಟು ಒಳ್ಳೇದನ್ನ ಯಾರಾದರೂ ಸುಮ್ಮನೆ ಕೊಡ್ತಾರಾ ಅಣ್ಣ ಎಂದು ಕೇಳಿದಳು. ಪದ್ಧತಿ ಕಣಮ್ಮ ಎಂದೆ. ಗಂಡ ಹೆಂಡತಿ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ನನಗೆ ಸಿಟ್ಟು ಬಂತು, ನೋವೂ ಆಯಿತು. ಆದರೆ ಪೊಟ್ಟಣ ಎತ್ತಿಕೊಂಡು ಒಳಗೆ ಹೋದೆ. ಅವರ ಜಾಗದಲ್ಲಿ ನಾನಿದ್ದಿದ್ದರೆ, ನನ್ನಂಥವನ ಮಾತನ್ನು ನಾನಂತೂ ನಂಬುತ್ತಿರಲಿಲ್ಲ.